ಪಕ್ಕದ ಕಿಟಕಿಯಲ್ಲಿ ಯುದ್ಧವಿಮಾನ ಕಂಡರೆ?

ಪ್ರಯಾಣಿಕರ ವಿಮಾನದ ಜೊತೆ ಫೈಟರ್ ಜೆಟ್ ಹಾರಿತು ಅನ್ನೋ ಸುದ್ದಿ ಕೇಳಿದರೆ ಎದೆ ಧಸಕ್ಕೆನ್ನುತ್ತೆ. ಅದು ಬರೋದಾದರೂ ಯಾಕೆ? ಬಂದು ಮಾಡೋದೇನು?

2024ರ ಅಕ್ಟೋಬರ್ 16ರ ಬೆಳಿಗ್ಗೆ. ಆಫೀಸ್ ಕ್ಯಾಬ್‌ಗೆ ಕಾಯ್ತಾ ನಿಂತಿದ್ದೆ. ಸುತ್ತೂರಿನಿಂದ ಚಿಕ್ಕಮ್ಮನ ಫೋನು.

“ಏನ್ಲಾ ಮಗ ಇದು, ಟಿವೀಲಿ ತೋರುಸ್ತಾವ್ರೆ. ಸಿಂಗಾಪುರ್‌ದಲ್ಲಿ ಯುದ್ಧದ್ ಇಮಾನ ಬಂದು ನಮ್ಮೋರ್ ಇಮಾನದ್ ಪಕ್ಕ ನಿಂತ್ಕಂಡಿದ್ವಂತೆ. ಹೊಡ್ದಾಕ್ಬುಡ್ತಾರಾ?”

ಚಿಕ್ಕಮ್ಮನ ಮಗ ಸಿಂಗಾಪುರದಲ್ಲಿ ಕೆಲಸದಲ್ಲಿದ್ದಾನೆ. ದೀಪಾವಳಿಗೆ ಊರಿಗೆ ಬರೋನಿದ್ದ. ಆ ವಿಮಾನಕ್ಕೂ ಅವನಿಗೂ ಸಂಬಂಧವೇ ಇರಲಿಲ್ಲ. ಆದರೆ ‘ಸಿಂಗಾಪುರ’, ‘ಬಾಂಬ್’, ‘ಫೈಟರ್ ಜೆಟ್’ ಈ ಮೂರು ಪದ ಒಟ್ಟಿಗೆ ಕೇಳಿದ ತಾಯಿಗೆ ಅದನ್ನೆಲ್ಲ ಹೇಗೆ ಅರ್ಥ ಮಾಡಿಸೋದು? “ಏನೂ ಆಗಿಲ್ಲ ಚಿಕ್ಕಮ್ಮ, ಎಲ್ರೂ ಸೇಫಾಗಿ ಇಳಿದಿದಾರೆ” ಅಂದೆ. “ಮತ್ತೆ ಯುದ್ಧದ್ ಇಮಾನ ಯಾಕ್ ಬಂದಿದ್ವು?” ಅಂದರು.

ಒಳ್ಳೇ ಪ್ರಶ್ನೆ. ನಂಗೂ ಸರಿಯಾದ ಉತ್ತರ ಗೊತ್ತಿರಲಿಲ್ಲ. ಆಮೇಲೆ ಕೂತು ಓದಿ ತಿಳಿದುಕೊಂಡಿದ್ದನ್ನ ಇಲ್ಲಿ ಬರೆದಿದ್ದೇನೆ.

ಆ ರಾತ್ರಿ ಆಗಿದ್ದೇನು?

ಅಕ್ಟೋಬರ್ 15ರಂದು ಮದುರೈನಿಂದ ಸಿಂಗಾಪುರಕ್ಕೆ ಹೊರಟಿದ್ದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದಲ್ಲಿ ಬಾಂಬ್ ಇದೆ ಅಂತ ಒಂದು ಇಮೇಲ್ ಬಂತು. ಸಿಂಗಾಪುರದ ವಾಯುಪಡೆ ಎರಡು ಎಫ್-15 ಜೆಟ್‌ಗಳನ್ನು ಮೇಲಕ್ಕೆ ಕಳಿಸಿತು. ಅವು ಪ್ರಯಾಣಿಕರ ವಿಮಾನವನ್ನು ಜನವಸತಿ ಇರುವ ಕಡೆಯಿಂದ ದೂರ ಕರೆದುಕೊಂಡು ಹೋಗಿ, ಚಾಂಗಿ ವಿಮಾನ ನಿಲ್ದಾಣದ ತನಕ ಬಿಟ್ಟವು. ಅಲ್ಲಿನ ಸಮಯ ರಾತ್ರಿ 10 ದಾಟಿದ ಮೇಲೆ ವಿಮಾನ ಇಳಿಯಿತು. ಹುಡುಕಿದರು. ಬಾಂಬ್ ಇರಲಿಲ್ಲ.

ಅಂದರೆ ಜೆಟ್‌ಗಳು ಆ ದಿನ ಮಾಡಿದ್ದು ಎರಡೇ ಕೆಲಸ. ಕೆಳಗಿರುವ ಊರಿನ ಜನರಿಗೆ ಅಪಾಯ ಆಗದ ಹಾಗೆ ನೋಡಿಕೊಂಡಿದ್ದು, ವಿಮಾನವನ್ನು ನಿಲ್ದಾಣದವರೆಗೆ ಜೊತೆಗಿದ್ದು ತಲುಪಿಸಿದ್ದು.

ರೇಡಾರ್‌ಗೆ ಚುಕ್ಕೆ ಕಾಣುತ್ತೆ, ಮುಖ ಕಾಣಲ್ಲ

ನಂಜನಗೂಡು–ತಿ.ನರಸೀಪುರದ ಕಡೆ ಸಂಜೆ ಹೊತ್ತು ಕಪಿಲಾ ದಂಡೆಯಲ್ಲಿ ಕೂತರೆ, ತುಂಬಾ ಎತ್ತರದಲ್ಲಿ ಬಿಳಿ ಗೆರೆ ಎಳೆದುಕೊಂಡು ಹೋಗುವ ವಿಮಾನಗಳನ್ನು ನೋಡಬಹುದು. ಅವು ಮಂಡಕಳ್ಳಿಗೆ ಇಳಿಯುವಂಥವಲ್ಲ, ಎಲ್ಲಿಂದ ಎಲ್ಲಿಗೋ ಹೋಗುವಂಥವು. ನಮ್ಮ ಕಣ್ಣಿಗೆ ಅವು ಯಾರ ಹಂಗೂ ಇಲ್ಲದೆ ಹಾರುತ್ತಿರುವ ಹಾಗೆ ಕಾಣುತ್ತವೆ. ನಿಜ ಹಾಗಲ್ಲ. ನಮ್ಮ ಈ ಆಕಾಶ ಚೆನ್ನೈ ವಿಮಾನ ಮಾಹಿತಿ ವಲಯಕ್ಕೆ ಸೇರಿದ್ದು. ಹಾರುತ್ತಿರುವ ಪ್ರತಿ ವಿಮಾನದ ಪೈಲಟ್ ನೆಲದ ಮೇಲಿರುವ ಒಬ್ಬ ಕಂಟ್ರೋಲರ್ ಜೊತೆ ರೇಡಿಯೊ ಸಂಪರ್ಕದಲ್ಲಿ ಇರಲೇಬೇಕು. ಒಂದು ವಲಯ ಮುಗಿದಾಗ “ಇನ್ನು ಮುಂದೆ ಈ ಫ್ರೀಕ್ವೆನ್ಸಿಯಲ್ಲಿ ಮಾತಾಡಿ” ಅಂತ ಮುಂದಿನವರಿಗೆ ಒಪ್ಪಿಸುತ್ತಾರೆ. ಇದರ ಜೊತೆಗೆ ವಾಯುಪಡೆಗೂ ಗೊತ್ತಿರಲಿ ಅಂತ ನಮ್ಮ ದೇಶದಲ್ಲಿ ‘ಏರ್ ಡಿಫೆನ್ಸ್ ಕ್ಲಿಯರೆನ್ಸ್’ ಅನ್ನುವ ಅನುಮತಿ ಸಂಖ್ಯೆ ಕೊಡುವ ಪದ್ಧತಿ ಇದೆ.

ವಿಮಾನದಲ್ಲಿ ಟ್ರಾನ್ಸ್‌ಪಾಂಡರ್ ಅನ್ನುವ ಸಾಧನ ಇರುತ್ತೆ. ಅದು ನಾಲ್ಕು ಅಂಕಿಯ ಕೋಡ್ ಕಳಿಸುತ್ತಾ ಇರುತ್ತೆ. 7700 ಅಂದರೆ ತುರ್ತು ಪರಿಸ್ಥಿತಿ. 7600 ಅಂದರೆ ರೇಡಿಯೊ ಕೆಟ್ಟಿದೆ. 7500 ಅಂದರೆ ಅಪಹರಣ. ಬಾಯಿ ಬಿಡದೆ ಸಹಾಯ ಕೇಳುವ ದಾರಿ ಇದು.

ತೊಂದರೆ ಶುರುವಾಗೋದು ರೇಡಿಯೊದಲ್ಲಿ ಕರೆದರೂ ಉತ್ತರ ಬರದೇ ಇದ್ದಾಗ. ರೇಡಾರ್ ಪರದೆ ಮೇಲೆ ಚುಕ್ಕೆ ಸಾಗ್ತಾ ಇರುತ್ತೆ. ಒಳಗೆ ಪೈಲಟ್ ಎಚ್ಚರವಾಗಿದ್ದಾರಾ? ಯಾರಾದರೂ ಕಾಕ್‌ಪಿಟ್‌ಗೆ ನುಗ್ಗಿದ್ದಾರಾ? ಅಥವಾ ಬರೀ ಫ್ರೀಕ್ವೆನ್ಸಿ ತಪ್ಪಾಗಿದೆಯಾ? ಇದ್ಯಾವುದನ್ನೂ ಆ ಚುಕ್ಕೆ ಹೇಳಲ್ಲ. ಆಗ ಉಳಿಯೋದು ಒಂದೇ ದಾರಿ. ಯಾರಾದರೂ ಹತ್ತಿರ ಹೋಗಿ ಕಣ್ಣಾರೆ ನೋಡಬೇಕು. ಅಷ್ಟು ಬೇಗ ಅಷ್ಟು ಎತ್ತರಕ್ಕೆ ಹೋಗಬಲ್ಲದ್ದು ಫೈಟರ್ ಜೆಟ್ ಮಾತ್ರ. ಅದಕ್ಕೇ ವಾಯುಪಡೆಗಳು ಕೆಲವು ಜೆಟ್‌ಗಳನ್ನು ಹಗಲು ರಾತ್ರಿ ಸಿದ್ಧವಾಗಿ ಇಟ್ಟಿರುತ್ತವೆ. ಸೈರನ್ ಆದ ಕೆಲವೇ ನಿಮಿಷದಲ್ಲಿ ಅವು ಗಾಳಿಯಲ್ಲಿರುತ್ತವೆ.

ಎಷ್ಟು ಬೇಗ ಅನ್ನೋದಕ್ಕೆ ನಮ್ಮ ಕಡೆಯದ್ದೇ ಲೆಕ್ಕ ನೋಡಿ. ವಾಯುಪಡೆಯ ನೆಲೆ ಇರುವ ಕೊಯಮತ್ತೂರು ಪಕ್ಕದ ಸೂಲೂರು, ಸುತ್ತೂರಿನಿಂದ ನೇರ ಗೆರೆ ಎಳೆದರೆ ನೂರೈವತ್ತು ಕಿಲೋಮೀಟರ್ ಒಳಗೇ ಇದೆ. ಗಂಟೆಗೆ ಸಾವಿರ ಕಿ.ಮೀ. ವೇಗದಲ್ಲಿ ಅದು ಹತ್ತು ನಿಮಿಷದ ದಾರಿಯೂ ಅಲ್ಲ. ನಾವು ಬಸ್ಸಲ್ಲಿ ಹೋದರೆ ಅರ್ಧ ದಿನ ಬೇಕು.

2017ರ ಫೆಬ್ರುವರಿ 16ರಂದು ಆಗಿದ್ದೂ ಇದೇ. ಮುಂಬೈನಿಂದ ಲಂಡನ್‌ಗೆ ಹೊರಟಿದ್ದ ಜೆಟ್ ಏರ್‌ವೇಸ್ ವಿಮಾನದಲ್ಲಿ 330 ಪ್ರಯಾಣಿಕರು, 15 ಸಿಬ್ಬಂದಿ. ಜರ್ಮನಿ ಮೇಲೆ ಹಾರುವಾಗ ಕಂಟ್ರೋಲರ್ ಜೊತೆ ಸಂಪರ್ಕ ಕೆಲಕಾಲ ತಪ್ಪಿತು. ಜರ್ಮನ್ ವಾಯುಪಡೆಯ ಜೆಟ್‌ಗಳು ಪಕ್ಕಕ್ಕೆ ಬಂದವು. ಹಿಂದೆ ಬರುತ್ತಿದ್ದ ಇನ್ನೊಂದು ವಿಮಾನದ ಕಾಕ್‌ಪಿಟ್‌ನಿಂದ ತೆಗೆದ ಆ ವಿಡಿಯೊ ನಿಮ್ಮ ವಾಟ್ಸ್ಆ್ಯಪ್‌ಗೂ ಬಂದಿರಬಹುದು. ಸಂಪರ್ಕ ಮತ್ತೆ ಸಿಕ್ಕಿತು, ವಿಮಾನ ಲಂಡನ್‌ನಲ್ಲಿ ಇಳಿಯಿತು. ಮುನ್ನೂರ ನಲವತ್ತೈದು ಜನರಲ್ಲಿ ಬಹುಪಾಲು ಮಂದಿಗೆ ಆ ಹೊತ್ತಿನಲ್ಲಿ ಏನಾಯ್ತು ಅನ್ನೋದೇ ಗೊತ್ತಾಗಿರಲಿಕ್ಕಿಲ್ಲ.

ಆಕಾಶದಲ್ಲಿ ಕೈಸನ್ನೆ

ಪಕ್ಕಕ್ಕೆ ಬಂದ ಜೆಟ್ ಮಾತಾಡೋದು ಹೇಗೆ? ಮೊದಲು 121.5 ಮೆಗಾಹರ್ಟ್ಸ್ ಅನ್ನುವ ತುರ್ತು ಫ್ರೀಕ್ವೆನ್ಸಿಯಲ್ಲಿ ಕರೆಯುತ್ತಾರೆ. ಅಲ್ಲೂ ಉತ್ತರ ಇಲ್ಲ ಅಂದರೆ ಸನ್ನೆ. ಈ ಸನ್ನೆಗಳನ್ನು ಜಗತ್ತಿನ ಎಲ್ಲ ದೇಶಗಳಿಗೂ ಒಂದೇ ಥರ ಇರಲಿ ಅಂತ ವಿಶ್ವಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಬರೆದಿಟ್ಟಿದೆ.

ಜೆಟ್ ಹಿಂದಿನಿಂದ ಬರುತ್ತೆ. ಸ್ವಲ್ಪ ಮೇಲೆ, ಸ್ವಲ್ಪ ಮುಂದೆ, ಸಾಮಾನ್ಯವಾಗಿ ಎಡಗಡೆಗೆ ನಿಲ್ಲುತ್ತೆ. ಎಡಗಡೆ ಯಾಕೆ? ಕ್ಯಾಪ್ಟನ್ ಕೂರೋದು ಎಡ ಸೀಟಿನಲ್ಲಿ. ಮೊದಮೊದಲಿಗೆ 300 ಮೀಟರ್‌ಗಿಂತ ಹತ್ತಿರ ಬರುವ ಹಾಗಿಲ್ಲ. ಎರಡನೇ ಜೆಟ್ ಹಿಂದೆಯೇ ಇರುತ್ತೆ. ಹಾಗಾಗಿ ಪ್ರಯಾಣಿಕರಿಗೆ ಕಂಡರೂ ಒಂದೇ ಜೆಟ್ ಕಾಣೋದು ಜಾಸ್ತಿ.

ಜೆಟ್ ರೆಕ್ಕೆಗಳನ್ನು ಆ ಕಡೆ ಈ ಕಡೆ ಅಲ್ಲಾಡಿಸಿದರೆ “ನಿಮ್ಮನ್ನು ತಡೆದಿದ್ದೇವೆ, ನನ್ನ ಹಿಂದೆ ಬನ್ನಿ” ಅಂತ. ದೊಡ್ಡ ವಿಮಾನವೂ ರೆಕ್ಕೆ ಅಲ್ಲಾಡಿಸಿದರೆ “ಆಯ್ತು, ಬರ್ತೀನಿ” ಅಂತ. ರನ್‌ವೇ ಮೇಲೆ ಸುತ್ತುತ್ತಾ ಚಕ್ರ ಇಳಿಸಿ ದೀಪ ಹಾಕಿ ತೋರಿಸಿದರೆ “ಇಲ್ಲೇ ಇಳೀರಿ”. ಕೊನೆಗೆ ಜೆಟ್ ಇದ್ದಕ್ಕಿದ್ದ ಹಾಗೆ ಮೇಲಕ್ಕೆ ತಿರುಗಿ ದೂರ ಹೋಯಿತು ಅಂದರೆ ನೋಡಿದವರು ಹೆದರಬಹುದು. ಅದರ ಅರ್ಥ “ನೀವಿನ್ನು ಹೊರಡಬಹುದು”.

ಮತ್ತೆ ಆ ‘ಢಂ’ ಶಬ್ದ?

2019ರ ಜೂನ್ 27ರಂದು ಮುಂಬೈ–ನ್ಯೂಯಾರ್ಕ್ ಪಕ್ಕದ ನೆವಾರ್ಕ್ ಮಾರ್ಗದ ಏರ್ ಇಂಡಿಯಾ ವಿಮಾನಕ್ಕೆ ಬಾಂಬ್ ಬೆದರಿಕೆ ಬಂತು. ಬ್ರಿಟನ್ನಿನ ಟೈಫೂನ್ ಜೆಟ್‌ಗಳು ಅದನ್ನು ಲಂಡನ್ ಹೊರಗಿನ ಸ್ಟಾನ್‌ಸ್ಟೆಡ್‌ಗೆ ಕರೆದೊಯ್ದವು. ಜೆಟ್‌ಗಳು ಶಬ್ದದ ವೇಗ ದಾಟಿ ಬಂದಿದ್ದರಿಂದ ಕೆಳಗಿನ ಊರುಗಳ ಕಿಟಕಿಗಳು ಅದುರಿದವು. ಸ್ಫೋಟ ಆಯಿತು ಅಂದುಕೊಂಡವರೂ ಇದ್ದರು.

ಈ ಅನುಭವ ಬೆಂಗಳೂರಿಗರಿಗೆ ಹೊಸದಲ್ಲ. 2020ರ ಮೇ 20ರ ಮಧ್ಯಾಹ್ನ ನಗರದ ಪೂರ್ವ ಭಾಗದಲ್ಲಿ ಕೇಳಿಸಿದ ಆ ದೊಡ್ಡ ಸದ್ದು ನೆನಪಿದೆಯಾ? ಭೂಕಂಪವಾ, ಗ್ಯಾಸ್ ಸ್ಫೋಟವಾ ಅಂತ ಎಲ್ಲರ ಸ್ಟೇಟಸ್ಸೂ ಅದೇ. ಸಂಜೆ ರಕ್ಷಣಾ ಇಲಾಖೆ ಸ್ಪಷ್ಟನೆ ಕೊಟ್ಟಿತು. ವಾಯುಪಡೆಯ ವಿಮಾನವೊಂದರ ಪರೀಕ್ಷಾ ಹಾರಾಟ, ಶಬ್ದಾತೀತ ವೇಗದಿಂದ ಕೆಳಗಿಳಿಯುವಾಗ ಆದ ಸದ್ದು ಅಂತ. ಹಾಗಾಗಿ ಸದ್ದು ಕೇಳಿದರೆ ಅದು ಹೆಚ್ಚಿನ ಸಲ ಜೆಟ್ ಅವಸರದಲ್ಲಿದೆ ಅನ್ನೋದರ ಗುರುತು. ಗುಂಡು ಹಾರಿಸಿದ್ದಲ್ಲ.

ನೋಡಬಹುದು, ಕೈ ಚಾಚಲು ಆಗಲ್ಲ

ಕೆಲವೊಮ್ಮೆ ಜೆಟ್ ಬಂದರೂ ಏನೂ ಮಾಡಲಾಗದು. 2005ರ ಆಗಸ್ಟ್ 14ರಂದು ಸೈಪ್ರಸ್‌ನಿಂದ ಅಥೆನ್ಸ್‌ಗೆ ಹೊರಟ ಹೀಲಿಯೋಸ್ ವಿಮಾನದ ರೇಡಿಯೊ ಮೌನವಾಯಿತು. ಗ್ರೀಸ್‌ನ ಎಫ್-16 ಪೈಲಟ್ ಹತ್ತಿರ ಹೋಗಿ ನೋಡಿದರೆ ಕ್ಯಾಪ್ಟನ್ ಸೀಟು ಖಾಲಿ. ಪಕ್ಕದ ಪೈಲಟ್ ಕುಸಿದು ಬಿದ್ದಿದ್ದಾರೆ. ಕ್ಯಾಬಿನ್‌ನಲ್ಲಿ ಆಮ್ಲಜನಕದ ಮಾಸ್ಕ್‌ಗಳು ನೇತಾಡುತ್ತಿವೆ. ಕ್ಯಾಬಿನ್ ಒತ್ತಡ ನಿಯಂತ್ರಿಸುವ ಒಂದು ಸ್ವಿಚ್ ತಪ್ಪು ಸ್ಥಾನದಲ್ಲಿ ಉಳಿದಿತ್ತು. ಗಾಳಿ ವಿರಳವಾಗಿ ಎಲ್ಲರೂ ಪ್ರಜ್ಞೆ ತಪ್ಪಿದ್ದರು. ಕೊನೇ ನಿಮಿಷಗಳಲ್ಲಿ ಒಬ್ಬ ಕ್ಯಾಬಿನ್ ಸಿಬ್ಬಂದಿ ಕಾಕ್‌ಪಿಟ್‌ಗೆ ಬಂದಿದ್ದನ್ನೂ ಜೆಟ್ ಪೈಲಟ್ ನೋಡಿದ. ಇಂಧನ ಮುಗಿದು ವಿಮಾನ ಬಿತ್ತು. 121 ಜನರಲ್ಲಿ ಯಾರೂ ಉಳಿಯಲಿಲ್ಲ.

ಪಕ್ಕದಲ್ಲೇ ಹಾರುತ್ತಾ ನೋಡಬೇಕಾಗಿ ಬಂದ ಆ ಪೈಲಟ್‌ನ ಸ್ಥಿತಿ ಊಹಿಸಿ. ಅವನು ಅಲ್ಲಿಗೆ ಬಂದಿದ್ದು ಹೊಡೆಯೋದಕ್ಕಲ್ಲ. ಸಹಾಯ ಮಾಡೋಕೆ ಅವನ ಕೈಯಲ್ಲಿ ಏನೂ ಇರಲಿಲ್ಲ, ಅಷ್ಟೆ.

“ಹೊಡ್ದಾಕ್ಬುಡ್ತಾರಾ?”

ಈಗ ಚಿಕ್ಕಮ್ಮನ ಪ್ರಶ್ನೆ. ಸುಳ್ಳು ಹೇಳಬಾರದು. ಹಿಂದೆ ಹೊಡೆದಿದ್ದಾರೆ.

1983ರ ಸೆಪ್ಟೆಂಬರ್ 1. ನ್ಯೂಯಾರ್ಕ್‌ನಿಂದ ಅಲಾಸ್ಕಾ ಮೂಲಕ ಸೋಲ್‌ಗೆ ಹೊರಟಿದ್ದ ಕೊರಿಯನ್ ಏರ್‌ಲೈನ್ಸ್ 007 ವಿಮಾನ ದಾರಿ ತಪ್ಪಿ ಸೋವಿಯತ್ ಆಕಾಶಕ್ಕೆ ಹೋಯಿತು. ಸುಖೋಯ್-15 ಜೆಟ್ ಅದನ್ನು ಹೊಡೆದುರುಳಿಸಿತು. 269 ಸಾವು. ಜೆಟ್ ಪೈಲಟ್ ಎಚ್ಚರಿಕೆ ಗುಂಡು ಹಾರಿಸಿದ್ದ. ಆದರೆ ಅವು ಕತ್ತಲಲ್ಲಿ ಹೊಳೆಯುವ ಟ್ರೇಸರ್ ಗುಂಡುಗಳಾಗಿರಲಿಲ್ಲ. ತುರ್ತು ಫ್ರೀಕ್ವೆನ್ಸಿಯಲ್ಲಿ ಕರೆಯಲೂ ಇಲ್ಲ. ಇವರು ಎಚ್ಚರಿಸಿದೆವು ಅಂದುಕೊಂಡರು, ಅವರಿಗೆ ಎಚ್ಚರಿಕೆ ತಲುಪಲೇ ಇಲ್ಲ.

ಆ ದುರಂತ ಎರಡು ವಿಷಯ ಬದಲಿಸಿತು. ಒಂದು, 1984ರ ಮೇ 10ರಂದು ಷಿಕಾಗೋ ಒಪ್ಪಂದಕ್ಕೆ ಹೊಸ ವಿಧಿ ಸೇರಿಸಲು ಒಪ್ಪಿಗೆ ಸಿಕ್ಕಿತು. ಹಾರುತ್ತಿರುವ ನಾಗರಿಕ ವಿಮಾನದ ಮೇಲೆ ಅಸ್ತ್ರ ಬಳಸಬಾರದು, ತಡೆದರೂ ಒಳಗಿರುವವರ ಜೀವಕ್ಕೆ ಅಪಾಯ ತರಬಾರದು ಅಂತ. ಇನ್ನೊಂದು ನಿಮ್ಮ ಜೇಬಿನಲ್ಲೇ ಇದೆ. ದಾರಿ ತಪ್ಪಿದ್ದಕ್ಕೇ ಇಷ್ಟು ಜನ ಸತ್ತರಲ್ಲ ಅಂತ ಅಮೆರಿಕ ತನ್ನ ಸೇನೆಗಾಗಿ ಕಟ್ಟುತ್ತಿದ್ದ ಜಿಪಿಎಸ್ ಅನ್ನು ನಾಗರಿಕರಿಗೂ ಮುಕ್ತವಾಗಿ ಕೊಡುವುದಾಗಿ ಅದೇ ತಿಂಗಳು ಘೋಷಿಸಿತು. ಇವತ್ತು ನೀವು ಮ್ಯಾಪ್ ನೋಡಿಕೊಂಡು ಸುತ್ತೂರು ಜಾತ್ರೆಗೆ ಬರುವಾಗ ಬಳಸೋದು ಅದನ್ನೇ.

ವಿಮಾನವನ್ನೇ ಆಯುಧ ಮಾಡಿಕೊಂಡರೆ? ಅಮೆರಿಕದಲ್ಲಿ 2001ರ ಸೆಪ್ಟೆಂಬರ್ 11ರಂದು ಆದ ಹಾಗೆ? ಅದಕ್ಕೆ ಭಾರತ 2005ರಲ್ಲಿ ಒಪ್ಪಿದ ಅಪಹರಣ ತಡೆ ನೀತಿಯಲ್ಲಿ ಕೊನೆಯ ಹೆಜ್ಜೆಯಾಗಿ ಹೊಡೆದುರುಳಿಸುವ ಅವಕಾಶ ಇದೆ. ಜರ್ಮನಿಯಲ್ಲಿ ಇಂಥದ್ದೇ ಕಾನೂನು ಬಂದಾಗ ಅಲ್ಲಿನ ಸಂವಿಧಾನ ನ್ಯಾಯಾಲಯ 2006ರ ಫೆಬ್ರುವರಿಯಲ್ಲಿ ಅದನ್ನು ರದ್ದು ಮಾಡಿತು. ಕೆಳಗಿನವರನ್ನು ಉಳಿಸಲು ವಿಮಾನದಲ್ಲಿರುವ ನಿರಪರಾಧಿಗಳನ್ನು ಸರ್ಕಾರವೇ ಕೊಲ್ಲುವಂತಿಲ್ಲ ಅಂತ. ಯಾರು ಸರಿ? ಸುಲಭದ ಉತ್ತರ ಇಲ್ಲ. ಆದರೆ ಬಾಂಬ್ ಬೆದರಿಕೆ ಅಥವಾ ರೇಡಿಯೊ ಮೌನ ಅಂದ ಮಾತ್ರಕ್ಕೆ ಯಾರೂ ಆ ಹೆಜ್ಜೆಯ ಹತ್ತಿರ ಹೋಗಲ್ಲ.

ನಮ್ಮ ವಾಯುಪಡೆಯ ಉದಾಹರಣೆ ನೋಡಿ. 2022ರ ಅಕ್ಟೋಬರ್ 3ರಂದು ಟೆಹ್ರಾನ್‌ನಿಂದ ಚೀನಾದ ಗುವಾಂಗ್‌ಝೌಗೆ ಹೊರಟ ಮಹಾನ್ ಏರ್ ವಿಮಾನಕ್ಕೆ ಭಾರತದ ಆಕಾಶದಲ್ಲಿ ಬಾಂಬ್ ಬೆದರಿಕೆ ಸುದ್ದಿ ಬಂತು. ಜೈಪುರ ಅಥವಾ ಚಂಡೀಗಢದಲ್ಲಿ ಇಳೀರಿ ಅಂದರೆ ಪೈಲಟ್ ಒಪ್ಪಲಿಲ್ಲ. ನಮ್ಮ ಜೆಟ್‌ಗಳು ಸುರಕ್ಷಿತ ಅಂತರದಲ್ಲಿ ಹಿಂಬಾಲಿಸಿದವು. ಅಷ್ಟರಲ್ಲಿ ಟೆಹ್ರಾನ್‌ನಿಂದ “ಬೆದರಿಕೆ ಪರಿಗಣಿಸಬೇಡಿ” ಅಂತ ಬಂತು. ವಿಮಾನ ತನ್ನ ದಾರಿ ಹಿಡಿಯಿತು.

ಇನ್ನೊಂದು ಕಡೆಯಿಂದಲೂ ನೋಡಿ. 2019ರ ಸೆಪ್ಟೆಂಬರ್‌ನಲ್ಲಿ ದೆಹಲಿಯಿಂದ ಕಾಬೂಲ್‌ಗೆ ಹೊರಟ ಸ್ಪೈಸ್‌ಜೆಟ್ ವಿಮಾನವನ್ನು ಪಾಕಿಸ್ತಾನದ ಎಫ್-16 ಜೆಟ್‌ಗಳು ತಡೆದವು ಅಂತ ಆಮೇಲೆ ವರದಿಯಾಯಿತು. ಕಾರಣ ವಿಮಾನದ ಕರೆಸಂಕೇತದ ಬಗ್ಗೆ ಆದ ಗೊಂದಲ. ಇದು ಪ್ರಯಾಣಿಕರ ವಿಮಾನ ಅಂತ ಗೊತ್ತಾದ ಮೇಲೆ ಅಫ್ಘಾನಿಸ್ತಾನದ ಗಡಿ ತನಕ ಜೊತೆಗೆ ಹಾರಿ ಬಿಟ್ಟುಹೋದವು. ಬಾಲಾಕೋಟ್ ದಾಳಿಯ ಅದೇ ವರ್ಷ, ಅದೇ ಎರಡು ದೇಶ. ಆದರೂ ಕೇಳಿ ತಿಳಿದುಕೊಳ್ಳುವ ಕ್ರಮ ಕೆಲಸ ಮಾಡಿತು. 1983ರಲ್ಲಿ ಇಲ್ಲದೇ ಹೋಗಿದ್ದು ಇದೇ.

ಬಾಂಬ್ ಇದ್ದದ್ದು ಬೆರಳ ತುದಿಯಲ್ಲಿ

ಹಾಗಾದರೆ ಭಯ ಬೇಡವಾ? ಬೇಕು, ಆದರೆ ಬೇರೆ ಕಡೆ. ಜೆಟ್‌ಗಳನ್ನು ಮೇಲಕ್ಕೆ ಎಬ್ಬಿಸುತ್ತಿರೋದು ಈಗ ಬಹಳ ಸಲ ಒಂದು ಫೋನು.

2024ರ ಅಕ್ಟೋಬರ್‌ನಲ್ಲಿ ಭಾರತದ ವಿಮಾನಗಳಿಗೆ ಕೆಲವೇ ವಾರಗಳಲ್ಲಿ ನೂರಾರು ಬೆದರಿಕೆ ಬಂದವು. ಹೆಚ್ಚಿನವು ಸೋಷಿಯಲ್ ಮೀಡಿಯಾ ಮೂಲಕ, ಎಲ್ಲವೂ ಸುಳ್ಳು. ದೆಹಲಿಯಿಂದ ಬೆಂಗಳೂರಿಗೆ ಹೊರಟಿದ್ದ ಆಕಾಸಾ ವಿಮಾನವೂ ಅರ್ಧದಲ್ಲಿ ವಾಪಸ್ ಹೋಯಿತು. ಮೊದಲ ದಿನಗಳ ಬೆದರಿಕೆಗಳ ಹಿಂದೆ ಸಿಕ್ಕಿಬಿದ್ದವನು 17 ವರ್ಷದ ಹುಡುಗ. ಗೆಳೆಯನ ಜೊತೆ ದುಡ್ಡಿನ ಜಗಳ, ಅವನನ್ನು ಸಿಕ್ಕಿಸಲು ಅವನ ಹೆಸರಿನಲ್ಲಿ ಖಾತೆ ತೆರೆದು ಬರೆದದ್ದು ಅಂತ ಪೊಲೀಸರು ಹೇಳಿದರು.

ಸುಳ್ಳು ಬೆದರಿಕೆ ಇನ್ನೂ ಕೆಟ್ಟವರ ಕೈಗೂ ಸಿಗುತ್ತೆ. 2021ರ ಮೇ 23ರಂದು ಅಥೆನ್ಸ್‌ನಿಂದ ವಿಲ್ನಿಯಸ್‌ಗೆ ಹೋಗುತ್ತಿದ್ದ ರಯಾನ್ಏರ್ ವಿಮಾನವನ್ನು ಬೆಲಾರೂಸ್ ಬಾಂಬ್ ನೆಪ ಹೇಳಿ ಮಿನ್ಸ್ಕ್‌ಗೆ ಇಳಿಸಿತು, ಮಿಗ್-29 ಜೆಟ್ ಕಳಿಸಿತು. ಬಾಂಬ್ ಇರಲಿಲ್ಲ. ವಿಮಾನದಲ್ಲಿದ್ದ ಸರ್ಕಾರದ ವಿರೋಧಿ ಪತ್ರಕರ್ತನನ್ನು ಬಂಧಿಸಿದರು. ಪ್ರತಿ ಬೆದರಿಕೆಯನ್ನೂ ನಿಜ ಅಂತಲೇ ಎಣಿಸುವ ವ್ಯವಸ್ಥೆಯನ್ನು ಹೀಗೂ ದುರ್ಬಳಕೆ ಮಾಡಬಹುದು.

ಕೆಟ್ಟ ಉದ್ದೇಶ ಇಲ್ಲದಿದ್ದರೂ ಆಗುತ್ತೆ. 2022ರ ಆಗಸ್ಟ್ 14, ಮಂಗಳೂರು. ಮುಂಬೈಗೆ ಹೊರಡಲಿದ್ದ ವಿಮಾನದಲ್ಲಿ ಒಬ್ಬ ಯುವಕ, ಅದೇ ನಿಲ್ದಾಣದಲ್ಲಿ ಬೆಂಗಳೂರು ವಿಮಾನಕ್ಕೆ ಕಾಯುತ್ತಿದ್ದ ಗೆಳತಿಗೆ ಭದ್ರತೆ ಬಗ್ಗೆ ತಮಾಷೆಯ ಮೆಸೇಜ್ ಮಾಡುತ್ತಿದ್ದ. ಸಹಪ್ರಯಾಣಿಕರೊಬ್ಬರ ಕಣ್ಣಿಗೆ ಬಿತ್ತು. ಸಿಬ್ಬಂದಿಗೆ ಹೇಳಿದರು. ಎಲ್ಲರನ್ನೂ ಇಳಿಸಿ, ಬ್ಯಾಗುಗಳನ್ನೆಲ್ಲ ಮತ್ತೆ ತಪಾಸಣೆ ಮಾಡಿ, ವಿಮಾನ ಹೊರಡುವಾಗ ಆರು ಗಂಟೆ ತಡವಾಗಿತ್ತು. ಯುದ್ಧವಿಮಾನ ಬರಲಿಲ್ಲ, ಯಾಕಂದರೆ ವಿಮಾನ ಇನ್ನೂ ನೆಲದ ಮೇಲಿತ್ತು. ಇದೇ ಮಾತು ಆಕಾಶದಲ್ಲಿದ್ದಾಗ ಯಾರ ಕಣ್ಣಿಗಾದರೂ ಬಿದ್ದಿದ್ದರೆ?

ನೀವು ವಿಮಾನದಲ್ಲಿದ್ದಾಗ ಇಂಥದ್ದು ಆದರೆ

* ಜೆಟ್ ಕಂಡರೆ ಸೀಟ್ ಬೆಲ್ಟ್ ಹಾಕಿಕೊಂಡು ಸುಮ್ಮನೆ ಕೂತಿರಿ. ನೋಡಲು ಎಲ್ಲರೂ ಒಂದೇ ಬದಿಗೆ ಎದ್ದು ಬರಬೇಡಿ.
* ಸಿಬ್ಬಂದಿ ಕಿಟಕಿ ಮುಚ್ಚಿ ಅಂದರೆ ಮುಚ್ಚಿ. ಅವರು ಎಲ್ಲವನ್ನೂ ಆಗಲೇ ಹೇಳದೇ ಇರಬಹುದು.
* ವಿಮಾನ ಇಳಿದ ಮೇಲೆ ದೂರದ ಮೂಲೆಯಲ್ಲಿ ನಿಲ್ಲಿಸಿ ಗಂಟೆಗಟ್ಟಲೆ ತಪಾಸಣೆ ಆಗಬಹುದು. ದಿನಕ್ಕೆ ಬೇಕಾದ ಔಷಧ, ಮಗುವಿನ ಆಹಾರ ಕೈಚೀಲದಲ್ಲೇ ಇರಲಿ.
* ಇಳಿದ ಕೂಡಲೇ ಮನೆಗೆ ಮೊದಲ ಮೆಸೇಜ್ “ಸೇಫ್ ಆಗಿದೀನಿ” ಅಂತ ಹಾಕಿ. ವಿಡಿಯೊ ಆಮೇಲೆ.
* ‘ಬಾಂಬ್’, ‘ಹೈಜಾಕ್’ ಪದಗಳನ್ನು ವಿಮಾನ ನಿಲ್ದಾಣದಲ್ಲಿ ತಮಾಷೆಗೂ ಆಡಬೇಡಿ, ಟೈಪ್ ಕೂಡ ಮಾಡಬೇಡಿ.
* ಮನೇಲಿರೋರು ಫಾರ್ವರ್ಡ್ ಮಾಡುವ ಮುಂಚೆ ಫ್ಲೈಟ್ ನಂಬರ್, ದಿನಾಂಕ ನೋಡಿ. ಹಳೇ ವಿಡಿಯೊಗಳು ಹೊಸ ಸುದ್ದಿಯಾಗಿ ಓಡಾಡುತ್ತವೆ.

ದೀಪಾವಳಿಗೆ ತಮ್ಮ ಬಂದ. ನಾನೂ ಊರಿಗೆ ಹೋಗಿದ್ದೆ. ಹಿತ್ತಲಲ್ಲಿ ಕೂತು ಚಿಕ್ಕಮ್ಮನಿಗೆ ಎಡಗಡೆ ಬರೋದು, ರೆಕ್ಕೆ ಅಲ್ಲಾಡಿಸೋದು ಎಲ್ಲ ಹೇಳಿದೆ. ಅವರು ಅವರೆಕಾಯಿ ಬಿಡಿಸ್ತಾ ಕೇಳಿಸಿಕೊಂಡರು.

“ಅಂಗಾರೆ ಜಾತ್ರೇಲಿ ಮಗ ತಪ್ಪಿಸ್ಕಂಡ್ರೆ ಪೋಲಿಸ್ನೋರು ಕೈ ಹಿಡ್ಕಂಡ್ ಮೈಕ್ ತಾವ್ ಕರ್ಕಬತ್ತಾರಲ್ಲ, ಅಂಗೆ ಅನ್ನು” ಅಂದರು.

ಹೂಂ ಅಂದೆ. ಕೋವಿ ಇರುವ ಪೊಲೀಸು, ಆದರೆ ಬಂದಿರೋದು ಕರ್ಕೊಂಡು ಹೋಗೋಕೆ.

“ಮಗ ಅಳ್ತಾ ಇದ್ರೆ ಪೋಲಿಸ್ನೋನ್ನ ಕಂಡು ಇನ್ನೂ ಜಾಸ್ತಿ ಅಳ್ತದೆ ಅಲ್ವೇ” ಅಂತ ನಕ್ಕರು. ಆಮೇಲೆ ತಮ್ಮನ ಕಡೆ ತಿರುಗಿ, “ನೀ ಮಾತ್ರ ಇಳಿದ್ ತಕ್ಷಣ ಫೋನ್ ಮಾಡು” ಅಂದರು.